ಕಿಡಿಗೆ ಬಿಡುವು ಕೊಡಿ

ಸಾಮಾನ್ಯವಾಗಿ ಜಾಬನ್ನು, ಅಂದರೆ ಕೆಲಸ ನಡೆಯುತ್ತಿರುವ ಲೋಹದ ತುಂಡನ್ನು, ವೇಸ್ಟ್ ಬಟ್ಟೆಯಲ್ಲಿ ಸುತ್ತಿಕೊಂಡು ತರುತ್ತಾರೆ. ಬಿಚ್ಚುವ ಮೊದಲೇ ಮುಖ ನೋಡಿದರೆ ಗೊತ್ತಾಗುತ್ತದೆ, ಒಳಗೆ ಟ್ಯಾಪ್ (ತೂತಿನೊಳಗೆ ಸ್ಕ್ರೂ ಕೂರುವ ಥ್ರೆಡ್ ಕೊರೆಯುವ ಉಪಕರಣ) ಮುರಿದಿದೆ ಅಂತ. ಹೋದ ತಿಂಗಳು ಬಂದ ಹುಡುಗನದೂ ಅದೇ ಕತೆ. "ಸರ್, ಹನ್ನೊಂದು ತೂತಿಗೆ ಥ್ರೆಡ್ ಆಗಿತ್ತು. ಹನ್ನೆರಡನೇದಕ್ಕೆ ಟಕ್ ಅಂತು." ಅಲ್ಯೂಮಿನಿಯಂ ಬ್ಲಾಕು. ಎರಡು ದಿನದ ಮಿಲ್ಲಿಂಗ್ ಕೆಲಸ ಅದರ ಮೇಲೆ ಆಗಿದೆ. ಒಳಗೆ ಸಿಕ್ಕಿಕೊಂಡಿರುವುದು 6 ಎಂಎಂ ಟ್ಯಾಪು.

ಡ್ರಿಲ್ ಹಾಕಿ ತೆಗೆಯೋಣ ಅಂದರೆ ಟ್ಯಾಪೂ ಹೈಸ್ಪೀಡ್ ಸ್ಟೀಲು, ಡ್ರಿಲ್ಲೂ ಅದೇ ಸ್ಟೀಲು. ಡ್ರಿಲ್ ಜಾರಿ ಪಕ್ಕದ ಮೆತ್ತನೆಯ ಅಲ್ಯೂಮಿನಿಯಂಗೆ ನುಗ್ಗುತ್ತದೆ. ಇಂಥ ಹೊತ್ತಿಗೆ ಕೈ ಹಿಡಿಯುವುದು ನಾವು ಸ್ಪಾರ್ಕ್ ಮಷೀನ್ ಅನ್ನುವ ಇಡಿಎಂ (ಎಲೆಕ್ಟ್ರಿಕಲ್ ಡಿಸ್ಚಾರ್ಜ್ ಮಷೀನಿಂಗ್), ಅಂದರೆ ಕಿಡಿಯಿಂದ ಲೋಹ ಸವೆಸುವ ಮಷೀನ್. ಇದಕ್ಕೆ ಲೋಹ ಎಷ್ಟು ಗಟ್ಟಿ ಅನ್ನುವುದು ಲೆಕ್ಕಕ್ಕಿಲ್ಲ. ಕರೆಂಟು ಹರಿಯುತ್ತದಾ? ಅಷ್ಟು ಸಾಕು.

ಮಷೀನಿನ ತಲೆಗೆ 3 ಎಂಎಂ ತಾಮ್ರದ ಕೊಳವೆ ಕಚ್ಚಿಸಿದೆ. ಇದೇ ಎಲೆಕ್ಟ್ರೋಡ್. ಮುರಿದ ಟ್ಯಾಪಿನ ನಡುಮಧ್ಯಕ್ಕೆ ಅದನ್ನು ಹೊಂದಿಸಿದೆ. ಟ್ಯಾಂಕಿಗೆ ಎಣ್ಣೆ ಬಿಟ್ಟು ಜಾಬ್ ಮುಳುಗಿಸಿದೆ. ಕೊಳವೆ ನಿಧಾನಕ್ಕೆ ಇಳಿಯುತ್ತದೆ, ಆದರೆ ಟ್ಯಾಪನ್ನು ಮುಟ್ಟುವುದಿಲ್ಲ. ಎರಡರ ನಡುವೆ 0.01ರಿಂದ 0.05 ಎಂಎಂನಷ್ಟು ಜಾಗ ಉಳಿಯುತ್ತದೆ. ತಲೆಗೂದಲಿಗಿಂತ ಸಣ್ಣ ಸಂದು ಅದು. ಆ ಸಂದಿನಲ್ಲಿ ಎಣ್ಣೆ ಇರುತ್ತದೆ. ಎಣ್ಣೆ ಕರೆಂಟನ್ನು ತಡೆಯುತ್ತದೆ. ಆದರೆ 80-100 ವೋಲ್ಟ್ ಕೊಟ್ಟಾಗ, ಎಲ್ಲಿ ಸಂದು ಅತಿ ಕಿರಿದೋ ಅಲ್ಲಿ ಆ ತಡೆ ಒಡೆಯುತ್ತದೆ. ಕಿಡಿ ಹಾರುತ್ತದೆ. ಆ ಒಂದು ಚುಕ್ಕೆಯಲ್ಲಿ ಬಿಸಿ 8,000 ಡಿಗ್ರಿ ದಾಟುತ್ತದೆ. ಲೋಹದ ಕಣ ಕರಗುತ್ತದೆ, ಒಂದಿಷ್ಟು ಆವಿಯೂ ಆಗುತ್ತದೆ.

ಇಲ್ಲಿಯವರೆಗಿನದನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಇದರ ನಂತರದ್ದು. ಕೆಲವೇ ಮೈಕ್ರೊಸೆಕೆಂಡು ಅಥವಾ ನೂರಾರು ಮೈಕ್ರೊಸೆಕೆಂಡು ಆದ ಮೇಲೆ ಮಷೀನ್ ಕರೆಂಟನ್ನು ಕಡಿಯುತ್ತದೆ. ಕಿಡಿಯ ಸುತ್ತ ಎದ್ದ ಗುಳ್ಳೆ ಕುಸಿಯುತ್ತದೆ. ಕರಗಿದ ಲೋಹ ಎಣ್ಣೆಗೆ ಸಿಡಿದು ಅಲ್ಲೇ ತಣ್ಣಗಾಗಿ ಸಣ್ಣ ಸಣ್ಣ ಗುಂಡಾಗುತ್ತದೆ. ಎಣ್ಣೆ ಅದನ್ನು ತೊಳೆದುಕೊಂಡು ಹೋಗುತ್ತದೆ. ಸಂದು ಮತ್ತೆ ಚೊಕ್ಕಟ ಆದ ಮೇಲೆ ಇನ್ನೊಂದು ಕಿಡಿ, ಇನ್ನೊಂದು ಜಾಗದಲ್ಲಿ. ಸೆಕೆಂಡಿಗೆ ಸಾವಿರಾರು ಸಲ ಹೀಗೆ ನಡೆಯುತ್ತದೆ. ಈ ಬಿಡುವಿಗೆ ಪಲ್ಸ್ ಆಫ್ ಅನ್ನುತ್ತೇವೆ.

ಹೊಸದಾಗಿ ಮಷೀನ್ ಮುಂದೆ ನಿಂತವರು ಮೊದಲು ಕೈ ಹಾಕುವುದೇ ಇದಕ್ಕೆ. ಬಿಡುವು ಕಡಿಮೆ ಮಾಡಿದರೆ ಕೆಲಸ ಬೇಗ ಆಗುತ್ತೆ ಅಲ್ವಾ ಅಂತ. ಆಗುವುದಿಲ್ಲ. ಪುಡಿ ಹೊರಗೆ ಹೋಗಲು ಸಮಯವೇ ಸಿಗದೆ ಸಂದಿನಲ್ಲಿ ತುಂಬಿಕೊಳ್ಳುತ್ತದೆ. ಆಗ ಕಿಡಿ ಜಾಗ ಬದಲಿಸದೆ ಒಂದೇ ಕಡೆ ಆರ್ಕ್ ಆಗಿ ನಿಲ್ಲುತ್ತದೆ. ಜಾಬಿಗೆ ಕಪ್ಪು ಗುಳಿ ಬೀಳುತ್ತದೆ. ನಾನೇ ಕಲಿಯುವಾಗ ಒಂದು ಮೋಲ್ಡಿನ, ಅಂದರೆ ಅಚ್ಚಿನ, ಆಳದ ಸಂದಿಯಲ್ಲಿ ಹೀಗೆ ಗುಳಿ ಬೀಳಿಸಿದ್ದೆ. ವೆಲ್ಡ್ ತುಂಬಿಸಿ ಮತ್ತೆ ಮೊದಲಿಂದ ಮಾಡಬೇಕಾಯಿತು. ಈಗ ಕಿವಿಯೇ ಹೇಳುತ್ತದೆ. ಕೆಲಸ ಸರಿ ಇದ್ದರೆ ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿದ ಹಾಗೆ ಒಂದೇ ಸಮ ಚಟಪಟ. ಆ ಸದ್ದು ಗೊರಗೊರ ಆದರೆ ತಕ್ಷಣ ಎಲೆಕ್ಟ್ರೋಡ್ ಎತ್ತಿ, ಫ್ಲಶಿಂಗ್ (ಪುಡಿ ತೊಳೆಯುವ ಎಣ್ಣೆಯ ಹರಿವು) ನೋಡಿ.

ಹುಡುಗನ ಟ್ಯಾಪಿನಲ್ಲಿ ನಾನು ಸುಟ್ಟಿದ್ದು ನಡುವಿನ ತಿರುಳನ್ನು ಮಾತ್ರ. ತಿರುಳು ಹೋದ ಮೇಲೆ ಹಲ್ಲಿನ ಚೂರುಗಳು ಸಡಿಲವಾದವು. ಸೂಜಿಯಲ್ಲಿ ಎಬ್ಬಿಸಿ ಚಿಮಟದಲ್ಲಿ ತೆಗೆದೆ. ಥ್ರೆಡ್ ಹಾಗೇ ಇತ್ತು.

ಈ ವಿದ್ಯೆ ಹುಟ್ಟಿದ್ದೇ ಒಂದು ತೊಂದರೆಯಿಂದ. ಎರಡನೇ ಮಹಾಯುದ್ಧದ ಹೊತ್ತಿಗೆ ಸೋವಿಯತ್ ಒಕ್ಕೂಟದಲ್ಲಿ ಬೋರಿಸ್ ಮತ್ತು ನಟಾಲ್ಯಾ ಲಜರೆಂಕೊ ದಂಪತಿಗೆ ಸಿಕ್ಕ ಕೆಲಸ ಬೇರೆಯೇ ಆಗಿತ್ತು. ಕರೆಂಟು ಕೂಡಿಸಿ ಕಡಿಯುವ ಟಂಗ್‌ಸ್ಟನ್ ಕಾಂಟ್ಯಾಕ್ಟ್‌ಗಳು ಕಿಡಿಯಿಂದ ಸವೆಯುವುದನ್ನು ತಡೆಯಬೇಕಿತ್ತು. ತಡೆಯಲು ಆಗಲಿಲ್ಲ. ಆದರೆ ಎಣ್ಣೆಯಲ್ಲಿ ಮುಳುಗಿಸಿದಾಗ ಕಿಡಿ ಹೆಚ್ಚು ಹದವಾಗಿ ಬರುವುದನ್ನು ಅವರು ಕಂಡರು. ಸವೆತವನ್ನು ಹದಕ್ಕೆ ತಂದರೆ ಅದೇ ಒಂದು ಉಪಕರಣ ಆಗಬಹುದಲ್ಲ ಅಂತ 1943ರಲ್ಲಿ ತೋರಿಸಿಕೊಟ್ಟರು. ಈ ಕತೆ ನನಗೆ ತುಂಬಾ ಇಷ್ಟ.

ವೈರ್‌ಕಟ್ ಅಂದರೂ ಇದೇ ಕಿಡಿ. ಎಲೆಕ್ಟ್ರೋಡ್ ಬದಲು ತಂತಿ, ಎಣ್ಣೆ ಬದಲು ಹೆಚ್ಚಿನ ಕಡೆ ಲವಣ ತೆಗೆದ ನೀರು. ಹಿತ್ತಾಳೆ ತಂತಿ ಸಾಮಾನ್ಯವಾಗಿ 0.25 ಎಂಎಂ. ತಂತಿಯೂ ಸವೆಯುವುದರಿಂದ ಹೊಸ ತಂತಿ ಬರುತ್ತಲೇ ಇರುತ್ತದೆ, ಹಳೆಯದು ಗುಜರಿಗೆ. ಕಡಿಮೆ ಬೆಲೆಯ ಮಷೀನುಗಳಲ್ಲಿ 0.18 ಎಂಎಂ ಮಾಲಿಬ್ಡಿನಂ ತಂತಿ ಡ್ರಮ್ಮಿನ ಮೇಲೆ ಹಿಂದೆ ಮುಂದೆ ಓಡುತ್ತದೆ. ಬೆಂಗಳೂರಿನ ಪೀಣ್ಯದ ಓಣಿಗಳಲ್ಲಿ ಎರಡೂ ಥರದ್ದು ಸಿಗುತ್ತವೆ. ಒಂದು ಮಾತು ನೆನಪಿರಲಿ. ತಂತಿ ಆರಪಾರ ಹೋಗಬೇಕು. ಮಧ್ಯದಲ್ಲಿ ಕಿಟಕಿ ಕತ್ತರಿಸಬೇಕಾದರೆ ಮೊದಲೇ ತಂತಿ ತೂರಿಸಲು ತೂತು ಬೇಕು. ತಳ ಇರುವ ಗುಳಿ ಬೇಕಾದರೆ ತಾಮ್ರದ್ದೋ ಗ್ರಾಫೈಟಿನದ್ದೋ ಎಲೆಕ್ಟ್ರೋಡ್ ಮಾಡಿಸಲೇಬೇಕು.

ಇದರ ಕೆಲಸ ನಿಮ್ಮ ಕೈಗೆ ದಿನಾ ತಾಗುತ್ತಿರುತ್ತದೆ. ಪ್ಲಾಸ್ಟಿಕ್ ಸಾಮಾನಿನ ಮೇಲೆ ಹೊಳಪಿಲ್ಲದೆ ಸಣ್ಣಗೆ ತರಿತರಿಯಾಗಿರುತ್ತದಲ್ಲ, ಎಷ್ಟೋ ಸಲ ಅದು ಮೋಲ್ಡಿನಲ್ಲಿ ಕಿಡಿ ಬಿಟ್ಟ ಗುರುತು. ಡೀಸೆಲ್ ಇಂಜೆಕ್ಟರಿನ 0.1-0.2 ಎಂಎಂ ತೂತು, ಜೆಟ್ ಎಂಜಿನ್ನಿನ ಟರ್ಬೈನ್ ಬ್ಲೇಡಿಗೆ ಗಾಳಿ ಹಾಯಿಸುವ ತೂತು, ಲೋಹದ ಶೀಟ್ ಕತ್ತರಿಸುವ ಪ್ರೆಸ್ ಟೂಲಿನ ಪಂಚು ಡೈ, ಎಲ್ಲದರಲ್ಲೂ ಕಿಡಿಯ ಪಾತ್ರ ಇದೆ. ಒತ್ತಡ ಹಾಕಿ ಕತ್ತರಿಸುವುದಿಲ್ಲವಾದ್ದರಿಂದ ತೆಳ್ಳಗಿನ ಗೋಡೆಯೂ ಬಾಗುವುದಿಲ್ಲ. ಸ್ಟೀಲನ್ನು ಕಾಯಿಸಿ ತಣಿಸಿ ಪೂರ್ತಿ ಹಾರ್ಡನ್ ಮಾಡಿದ ಮೇಲೂ ಕತ್ತರಿಸಬಹುದು, ಹಾಗಾಗಿ ಕತ್ತರಿಸಿದ ಆಕಾರ ಹೀಟ್ ಟ್ರೀಟ್‌ಮೆಂಟಿನಲ್ಲಿ ಸೊಟ್ಟಗಾಗುವ ಭಯ ಇಲ್ಲ.

ಆದರೆ ಕಿಡಿ ಒಂದು ಸಿಪ್ಪೆ ಬಿಟ್ಟು ಹೋಗುತ್ತದೆ. ಕರಗಿದ್ದರಲ್ಲಿ ಸಿಡಿದು ಹೋಗದೆ ಉಳಿದದ್ದು ಅಲ್ಲೇ ಗಟ್ಟಿಯಾಗುತ್ತದೆ. ಇದಕ್ಕೆ ವೈಟ್ ಲೇಯರ್ ಅನ್ನುತ್ತಾರೆ. ಕೆಲವು ಮೈಕ್ರಾನಿನಿಂದ ಹತ್ತಾರು ಮೈಕ್ರಾನ್ ದಪ್ಪ. ಗಟ್ಟಿ, ಆದರೆ ಗಾಜಿನ ಹಾಗೆ ಪೆಡಸು. ಒಳಗೆ ಕಣ್ಣಿಗೆ ಕಾಣದ ಬಿರುಕುಗಳು. ಒಂದು ಸಲ ಅರ್ಜೆಂಟ್ ಅಂತ ವೈರ್‌ಕಟ್‌ನಲ್ಲಿ ಪಂಚನ್ನು ಒಂದೇ ಕಟ್‌ನಲ್ಲಿ ಮುಗಿಸಿ ಕೊಟ್ಟೆ. ಸ್ವಲ್ಪ ದಿನಕ್ಕೇ ಅಂಚು ಚಕ್ಕೆ ಎದ್ದು ವಾಪಸ್ ಬಂತು. ಲೆನ್ಸ್ ಹಿಡಿದು ನೋಡಿದರೆ ಚಕ್ಕೆಯ ಪಕ್ಕ ಕೂದಲೆಳೆಯಂಥ ಬಿರುಕು. ಅದೇ ಸ್ಟೀಲಿನಲ್ಲಿ ಇನ್ನೊಂದು ಮಾಡಿ, ಕಡಿಮೆ ಕರೆಂಟಿನಲ್ಲಿ ಎರಡು ಸಲ ಸ್ಕಿಮ್ ಕಟ್ (ಮೇಲ್ಮೈಯನ್ನು ತೆಳ್ಳಗೆ ಸವರುವ ಕಟ್) ಹೊಡೆದು, ಅಂಚಿಗೆ ಎಣ್ಣೆಕಲ್ಲು ತಿಕ್ಕಿ ಕೊಟ್ಟೆ. ಅದು ಚೆನ್ನಾಗಿ ಓಡಿತು.

ಸ್ಪಾರ್ಕ್ ಮಷೀನ್ ನಡೆಸುವವರಿಗೆ ಇನ್ನೊಂದು ಮಾತು. ಕಿಡಿ ಹಾರುವ ಜಾಗದ ಮೇಲೆ ಕನಿಷ್ಠ 50 ಎಂಎಂ ಎಣ್ಣೆ ನಿಂತಿರಬೇಕು. ಮಟ್ಟ ಇಳಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಎಣ್ಣೆ ಮಟ್ಟ ಇಳಿದಾಗ ಮಷೀನ್ ನಿಲ್ಲಿಸುವ ಫ್ಲೋಟ್ ಸ್ವಿಚ್ ಕೆಟ್ಟಿದೆ ಅಂತ ಸುಮ್ನೆ ಬೈಪಾಸ್ ಮಾಡಿ ಮಷೀನ್ ಓಡಿಸಬೇಡಿ, ರಾತ್ರಿ ಪಾಳಿಯಲ್ಲಂತೂ ಬೇಡವೇ ಬೇಡ.

ಹಾಗೆಯೇ ಹೊರಗೆ ವೈರ್‌ಕಟ್ ಮಾಡಿಸುವವರು ಡ್ರಾಯಿಂಗ್ ಜೊತೆಗೆ ಯಾವ ಅಂಚು ಶೀಟ್ ಕತ್ತರಿಸುತ್ತದೆ ಅನ್ನುವುದನ್ನೂ ಬರೆದು ಕೊಡಿ. ಸ್ಕಿಮ್ ಕಟ್ ಎಷ್ಟು ಬೇಕು ಅಂತ ರೇಟ್ ಮಾತಾಡುವ ಮೊದಲೇ ಹೇಳಿ. ಸ್ವಲ್ಪ ದುಡ್ಡು ಜಾಸ್ತಿ ಆಗುತ್ತದೆ. ಚಕ್ಕೆ ಎದ್ದ ಪಂಚಿಗೆ ಎರಡನೇ ಸಲ ಸ್ಟೀಲು, ಹಾರ್ಡನಿಂಗು, ಕಟಿಂಗು ಎಲ್ಲಕ್ಕೂ ಕೊಡುವುದರ ಮುಂದೆ ಅದು ಏನೂ ಅಲ್ಲ.