ಹಳೆಯ ಟೇಬಲ್ ಸಾ ಕೊಳ್ಳುವವರು ಬ್ಲೇಡಿನ ಹಿಂಬದಿಯನ್ನು ನೋಡಬೇಕು

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಮತ್ತು ಹಲಸಿನ ಮರಕ್ಕೆ ಬರವಿಲ್ಲದ ಕಾರಣ, ಮನೆಯ ಶೆಡ್ಡಿನಲ್ಲಿ ಮರಗೆಲಸ ಮಾಡುವವರಿಗೆ ಕಾರ್ಖಾನೆಯಿಂದ ಹೊರಬಿದ್ದ ಹಳೆಯ ಟೇಬಲ್ ಸಾ (ಮೇಜಿನ ಸೀಳಿನಿಂದ ತಿರುಗುವ ಬ್ಲೇಡ್ ಮೇಲೆ ಚಾಚಿರುವ ಗರಗಸ ಯಂತ್ರ) ಒಂದನ್ನು ಗುಜರಿ ದರಕ್ಕೆ ತರುವ ಆಸೆ ಹುಟ್ಟುವುದು ಸಹಜ. ಆಗ ಸಿಗುವ ಸಲಹೆಗಳು ಎರಡು. ಯಂತ್ರ ಭಾರವಾಗಿದ್ದಷ್ಟೂ ಒಳ್ಳೆಯದು ಎಂಬುದು ಒಂದು; ಯಾರದೋ ಬೆರಳು ತೆಗೆದ ಯಂತ್ರವನ್ನು ಕೊಳ್ಳಬಾರದು, ಅದು ಮತ್ತೆ ರಕ್ತ ಕೇಳುತ್ತದೆ ಎಂಬುದು ಇನ್ನೊಂದು.

ಮೊದಲ ಮಾತಿನಲ್ಲಿ ಸತ್ಯವಿದೆ. ಭಾರದ ಯಂತ್ರದ ಮೇಜಿನ ಬೀಡು ಕಬ್ಬಿಣದೊಳಗೆ ಹರಡಿಕೊಂಡಿರುವ ಗ್ರಾಫೈಟ್ ಪದರುಗಳು ಕಂಪನದ ಶಕ್ತಿಯನ್ನು ಹೀರುವುದರಿಂದ ಅಂತಹ ಮೇಜಿನ ಮೇಲೆ ಕೊಯ್ತ ನಯವಾಗಿ ಬರುತ್ತದೆ. ಮಲೆನಾಡಿನ ಮಳೆಗೆ ಹಿಡಿದ ಮೇಲ್ಮೈ ತುಕ್ಕನ್ನು ಉಜ್ಜಿ ತೆಗೆಯಬಹುದು. ಮೇಜು ಬಿರುಕು ಬಿಟ್ಟಿದ್ದರೆ ಮಾತ್ರ ಯಂತ್ರವನ್ನು ಅಲ್ಲಿಯೇ ಬಿಡಬೇಕು. ಎರಡನೆಯ ಮಾತು ಅಪಾಯಕಾರಿ, ಏಕೆಂದರೆ ಅದು ಗಾಯದ ಕಾರಣವನ್ನು ಹುಡುಕದಂತೆ ಮಾಡುತ್ತದೆ. ಆಯುಧಪೂಜೆಯ ದಿನ ಬೂದುಗುಂಬಳ ಒಡೆಯುವುದಕ್ಕೆ ನನ್ನ ತಕರಾರೇನೂ ಇಲ್ಲ, ಆದರೆ ಮರವನ್ನು ಹಿಂದಕ್ಕೆಸೆಯುವ ಬಲ ಬರುವುದು ಬ್ಲೇಡಿನ ಚಲನೆಯಿಂದ.

ಕೆಲಸಗಾರನ ಎದುರಿಗಿರುವ ಹಲ್ಲುಗಳು ಕೆಳಮುಖವಾಗಿ ಇಳಿಯುತ್ತ ಮರವನ್ನು ಮೇಜಿಗೆ ಒತ್ತುತ್ತವೆ. ಆ ತುದಿಯಲ್ಲಿ ಯಂತ್ರ ನಮಗೆ ನೆರವಾಗುತ್ತದೆ. ಬ್ಲೇಡಿನ ಹಿಂಬದಿಯಲ್ಲಿ ಅವೇ ಹಲ್ಲುಗಳು ಮೇಲಕ್ಕೇರುತ್ತವೆ, ನೆತ್ತಿಯ ಮೇಲೆ ಹಾಯುವಾಗ ನೇರವಾಗಿ ನಮ್ಮ ಕಡೆಗೇ ಬರುತ್ತವೆ. ನಿಮಿಷಕ್ಕೆ 4000 ಸುತ್ತು ತಿರುಗುವ 10 ಇಂಚಿನ ಬ್ಲೇಡಿನ ಹಲ್ಲಿನ ವೇಗ ಸೆಕೆಂಡಿಗೆ ಸುಮಾರು 53 ಮೀಟರ್, ಅಂದರೆ ಗಂಟೆಗೆ 190 ಕಿಲೋಮೀಟರ್. ಮರವೂ ಸುಮ್ಮನಿರುವ ವಸ್ತುವಲ್ಲ. ಬೆಳೆಯುವಾಗ ಮತ್ತು ಒಣಗುವಾಗ ಅದರೊಳಗೆ ಸೆಳೆತ, ಒತ್ತಡಗಳು ಸಿಕ್ಕಿಕೊಂಡಿರುತ್ತವೆ. ಸೀಳಿದೊಡನೆ ಅವು ಬಿಡುಗಡೆಯಾಗಿ ಕೆಲವು ಹಲಗೆಗಳ ಸೀಳು ಬಾಯಿ ಬಿಡುತ್ತದೆ, ಕೆಲವದು ಇಕ್ಕುಳದಂತೆ ಬ್ಲೇಡನ್ನು ಕಚ್ಚುತ್ತದೆ. ಕಚ್ಚಿದ ಕ್ಷಣವೇ ಹಿಂಬದಿಯ ಹಲ್ಲುಗಳು ಹಲಗೆಯನ್ನು ಮೇಲೆತ್ತುತ್ತವೆ, ನೆತ್ತಿಯ ಹಲ್ಲುಗಳು ಅದನ್ನು ನಮ್ಮ ಎದೆಗೋ ಹೊಟ್ಟೆಗೋ ಎಸೆಯುತ್ತವೆ, ಹಲಗೆಯನ್ನು ತಳ್ಳುತ್ತಿದ್ದ ಕೈ ಬ್ಲೇಡಿನತ್ತ ಜಾರಬಹುದು. ಹಲಗೆಯನ್ನು ಆನಿಸಿ ತಳ್ಳುವ ಪಟ್ಟಿ, ಅಂದರೆ ಫೆನ್ಸ್, ಬ್ಲೇಡಿಗೆ ಸಮಾಂತರವಾಗಿರದೆ ಹಿಂಬದಿಯಲ್ಲಿ ಒಳಕ್ಕೆ ವಾಲಿದ್ದರೂ ಪರಿಣಾಮ ಇದೇ.

ಇದಕ್ಕೆ ಮದ್ದು ರೈವಿಂಗ್ ನೈಫ್ ಎಂಬ ಉಕ್ಕಿನ ತಗಡು. ಬ್ಲೇಡಿನ ಬೆನ್ನಿಗೆ ಕೆಲವೇ ಮಿಲಿಮೀಟರ್ ಅಂತರದಲ್ಲಿ ನಿಂತು ಸೀಳು ಮುಚ್ಚಿಕೊಳ್ಳದಂತೆ ತಡೆಯುವ ಇದು, ಬ್ಲೇಡ್ ಏರಿದರೆ ಏರಬೇಕು, ವಾಲಿದರೆ ವಾಲಬೇಕು. ಇಂಗ್ಲೆಂಡಿನಲ್ಲಿ ಸ್ಯಾಮ್ಯುಯೆಲ್ ಮಿಲ್ಲರ್ ವೃತ್ತಾಕಾರದ ಗರಗಸವಿದ್ದ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1777ರಲ್ಲಿ. ಅಲ್ಲಿನ ಮರಗೆಲಸ ಯಂತ್ರಗಳ ನಿಯಮಾವಳಿ ಈ ತಗಡನ್ನು ಕಡ್ಡಾಯ ಮಾಡಿದ್ದು 1922ರಲ್ಲಿ. ಲೆಸ್ಟರಿನ ವಾಡ್ಕಿನ್ ಕಂಪನಿಯಂಥವರ ಹಳೆಯ ಯಂತ್ರಗಳಲ್ಲಿ ಅದಕ್ಕೊಂದು ಜಾಗ ಇರುವುದು ಈ ಕಾನೂನಿನ ಫಲ. 1939ರಲ್ಲಿ ಬಂದ ಅಮೆರಿಕದ ಡೆಲ್ಟಾ ಕಂಪನಿಯ ಯೂನಿಸಾ ಅದ್ಭುತ ಯಂತ್ರವೇ ಸರಿ, ಆದರೆ ಬ್ಲೇಡಿನ ಜತೆ ಏರಿಳಿಯುವ ತಗಡು ಆ ದೇಶದ ಹೊಸ ಮಾದರಿಗಳಲ್ಲಿ ಸಾಮಾನ್ಯವಾಗಲು 2008ರ ಆಸುಪಾಸಿನವರೆಗೆ ಕಾಯಬೇಕಾಯಿತು.

ಆದ್ದರಿಂದ ಯಂತ್ರ ನೋಡಲು ಹೋದಾಗ ಮೇಜಿನ ಕೆಳಗೆ ಬಗ್ಗಿ, ಬ್ಲೇಡಿನ ಶಾಫ್ಟ್ ಹೊತ್ತು ಏರಿಳಿಯುವ ಎರಕದ ಭಾಗದಲ್ಲಿ ತಗಡನ್ನು ಬಿಗಿಯುವ ರಂಧ್ರಗಳಿವೆಯೇ ಎಂದು ಪರೀಕ್ಷಿಸಿ. ರಂಧ್ರಗಳಿದ್ದು ತಗಡು ಮಾತ್ರ ಕಳೆದಿದ್ದರೆ ಹಾಸನದ ಯಾವುದೇ ಒಳ್ಳೆಯ ವರ್ಕ್‌ಶಾಪಿನಲ್ಲಿ ಅದನ್ನು ಮಾಡಿಸಬಹುದು. ಅದು ಬ್ಲೇಡಿನ ತಟ್ಟೆಗಿಂತ ದಪ್ಪ, ಹಲ್ಲಿನ ಸೀಳಿಗಿಂತ ತೆಳು ಇರಬೇಕು: ತಟ್ಟೆ 2.2, ಸೀಳು 3.2 ಮಿಲಿಮೀಟರ್ ಆದರೆ ತಗಡು 2.5 ಇರಲಿ. ರಂಧ್ರಗಳೇ ಇಲ್ಲದ ಯಂತ್ರಕ್ಕೆ ನಾನಂತೂ ಮರುಳಾಗುವುದಿಲ್ಲ.

ಮೋಟಾರಿನದು ಇಷ್ಟು ದೊಡ್ಡ ತಲೆನೋವಲ್ಲ. ಕಾರ್ಖಾನೆಯ ಮೋಟಾರು ಸಾಮಾನ್ಯವಾಗಿ ತ್ರೀ ಫೇಸ್, ಮನೆಯ ಸಂಪರ್ಕ ಸಿಂಗಲ್ ಫೇಸ್. ಮೋಟಾರಿನ ಸುರುಳಿಗಳನ್ನು ಜೋಡಿಸುವ ಕ್ರಮಗಳು ಎರಡು, ಸ್ಟಾರ್ ಮತ್ತು ಡೆಲ್ಟಾ. ಮೋಟಾರಿನ ಫಲಕದ ಮೇಲೆ 415 ವೋಲ್ಟ್ ಸ್ಟಾರ್ ಎಂದಿದ್ದು ಆರೂ ತಂತಿಗಳು ಹೊರಗೆ ಸಿಗುವಂತಿದ್ದರೆ, ಡೆಲ್ಟಾ ಜೋಡಣೆಗೆ ಬದಲಿಸಿ ವಿಎಫ್‌ಡಿ (ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿಕೊಡುವ ಸಾಧನ) ಮೂಲಕ 230 ವೋಲ್ಟಿನಲ್ಲಿ ಓಡಿಸಬಹುದು. 415 ವೋಲ್ಟ್ ಡೆಲ್ಟಾ ಎಂದಿದ್ದರೆ ಮೋಟಾರನ್ನೇ ಬದಲಿಸುವ ಖರ್ಚನ್ನು ಚೌಕಾಶಿಯಲ್ಲಿ ಕಳೆಯಬೇಕು.