ಟವರ್ ಇಲ್ಲದ ತೋಟದಲ್ಲೂ ಜಿಪಿಎಸ್

ಕೊಡಗಿನಲ್ಲಿ ಜೋರು ಮಳೆ ಹಿಡಿದರೆ ಮೊದಲು ಕರೆಂಟ್ ಹೋಗುತ್ತದೆ, ಹಿಂದೆಯೇ ಮೊಬೈಲ್ ಟವರ್. ಈಗ ಯುರೋಪಿನ ಹೊಸ ಕಾನೂನಿಗಾಗಿ ಕಾಫಿ ತೋಟಗಳಿಗೆ ಜಿಪಿಎಸ್ ಗುರುತು ಹಾಕಿಸುವ ಮಾತು ಬಂದಾಗ, ‘ನೆಟ್‌ವರ್ಕೇ ಇಲ್ಲ, ಜಿಪಿಎಸ್ ಎಲ್ಲಿಂದ ಬರಬೇಕು?’ ಎನ್ನುವವರಿದ್ದಾರೆ. ಮೇಲಿನಿಂದ ಜಿಪಿಎಸ್ ನಮ್ಮನ್ನು ನೋಡುತ್ತಿದೆ ಎಂದು ಹೆದರುವವರೂ ಇದ್ದಾರೆ. ಎರಡೂ ತಪ್ಪು.

ಜಿಪಿಎಸ್ ಉಪಗ್ರಹಕ್ಕೆ ನಿಮ್ಮ ಫೋನ್ ಇದೆ ಅಂತಲೇ ಗೊತ್ತಿಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಾ ಅದು ‘ನಾನು ಇಲ್ಲಿದ್ದೇನೆ, ಈಗ ಗಂಟೆ ಇಷ್ಟು’ ಎಂದು ಸಾರುತ್ತಲೇ ಇರುತ್ತದೆ. ಫೋನ್ ಸುಮ್ನೆ ಕೇಳಿಸಿಕೊಂಡು ತಾನಿರುವ ಜಾಗವನ್ನು ತಾನೇ ಲೆಕ್ಕ ಹಾಕುತ್ತದೆ, ಅಷ್ಟೇ. ಆ ಲೆಕ್ಕವನ್ನು ಯಾವುದೋ ಆ್ಯಪ್ ಬೇರೆಯವರಿಗೆ ಕಳಿಸುವುದು ಬೇರೆ ಮಾತು. ಇಂಟರ್ನೆಟ್ ಬೇಕಾಗುವುದು ಅದಕ್ಕೆ.

ಬರೀ ಕೇಳಿಸಿಕೊಂಡರೆ ಜಾಗ ಹೇಗೆ ತಿಳಿಯುತ್ತದೆ? ಸುತ್ತಲಿನ ಬೆಟ್ಟಗಳ ಮೇಲೆ ಒಬ್ಬೊಬ್ಬರು ನಿಂತು ಸರಿಯಾಗಿ ಹನ್ನೆರಡಕ್ಕೆ ಕೋವಿ ಹಾರಿಸುತ್ತಾರೆ ಅಂದುಕೊಳ್ಳಿ. ಕೆಳಗೆ ಗದ್ದೆಯಲ್ಲಿರುವ ನಿಮಗೆ ಒಂದು ಸದ್ದು ಮೂರು ಸೆಕೆಂಡ್ ತಡವಾಗಿ ಕೇಳಿದರೆ ಆ ಬೆಟ್ಟ ಹೆಚ್ಚುಕಮ್ಮಿ ಒಂದು ಕಿ.ಮೀ. ದೂರ. ಇನ್ನೊಂದು ಆರು ಸೆಕೆಂಡ್ ತಡವಾದರೆ ಎರಡು ಕಿ.ಮೀ. ಮೂರು ಬೆಟ್ಟಗಳ ದೂರ ಸಿಕ್ಕರೆ ನಿಮ್ಮ ಜಾಗ ಸಿಕ್ಕಿತು. ಆದರೆ ನಿಮ್ಮ ವಾಚೇ ತಪ್ಪಿದ್ದರೆ? ಆಗ ನಾಲ್ಕನೇ ಕೋವಿ ಬೇಕು. ನಾಲ್ಕೂ ಲೆಕ್ಕ ಒಂದೇ ಕಡೆ ಕೂಡುವ ತನಕ ವಾಚನ್ನು ಸರಿಸಿ ನೋಡಬಹುದು. ಫೋನಿನ ಗಡಿಯಾರ ಅಗ್ಗದ್ದು, ಅದಕ್ಕೇ ಕನಿಷ್ಠ ನಾಲ್ಕು ಉಪಗ್ರಹ ಬೇಕು.

ಇಲ್ಲಿ ಓಡುವುದು ಸದ್ದಲ್ಲ, ಬೆಳಕಿನ ವೇಗದ ರೇಡಿಯೊ ಅಲೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ಅದಕ್ಕೇ ಉಪಗ್ರಹದಲ್ಲಿ ಪರಮಾಣು ಗಡಿಯಾರ. ಅದೂ ಭೂಮಿಯ ಗಡಿಯಾರಕ್ಕಿಂತ ದಿನಕ್ಕೆ 38 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ವೇಗ, ಗುರುತ್ವ ಬದಲಾದರೆ ಗಡಿಯಾರದ ಓಟವೂ ಬದಲಾಗುತ್ತದೆ ಎನ್ನುವ ಐನ್‌ಸ್ಟೈನ್ ಸಾಪೇಕ್ಷತೆಯ ಲೆಕ್ಕ ಹಾಕಿ ಅದನ್ನು ಮೊದಲೇ ಸರಿಪಡಿಸಿರುತ್ತಾರೆ. ಕಾಫಿ ತೋಟದ ಬೇಲಿಗೂ ಐನ್‌ಸ್ಟೈನ್‌ಗೂ ನಂಟು, ನೋಡಿ!

1802ರಲ್ಲಿ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನಲ್ಲಿ ಸರಪಳಿ ಹಿಡಿದು ಅಳತೆ ಶುರು ಮಾಡಿದ. ಕೋನ ಅಳೆಯುವ, ಅರ್ಧ ಟನ್ ತೂಗುವ ಥಿಯೊಡೊಲೈಟನ್ನು ಹೊರಿಸಿಕೊಂಡು, ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತಾ ಮಂಗಳೂರಿನ ಕಡಲು ಮುಟ್ಟಲು ವರ್ಷಗಳೇ ಹಿಡಿದವು. ಇಂದು ಅಂಥದ್ದೇ ಕೆಲಸಕ್ಕೆ ಜೇಬಿನ ಫೋನ್ ಸಾಕು. ಆದರೂ ಜಂಬ ಬೇಡ. ಲ್ಯಾಂಬ್ಟನ್ ತನ್ನ ತಪ್ಪೆಷ್ಟು ಎಂದು ಲೆಕ್ಕ ಇಡುತ್ತಿದ್ದ, ನಾವು ಪರದೆಯ ಮೇಲೆ ಬಂದ ಅಂಕಿಯನ್ನು ಹಾಗೇ ನಂಬುತ್ತೇವೆ.

ಯುರೋಪ್ ಒಕ್ಕೂಟ 2023ರಲ್ಲಿ ಒಂದು ಕಾನೂನು ತಂದಿತು. ಅಲ್ಲಿಗೆ ಹೋಗುವ ಕಾಫಿ, 31 ಡಿಸೆಂಬರ್ 2020ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಾಗಿರಬಾರದು. ಜಾರಿಯ ದಿನ ಮುಂದಕ್ಕೆ ಹೋಗುತ್ತಲೇ ಇದೆ, ತಯಾರಿ ಮಾತ್ರ ನಿಂತಿಲ್ಲ. 4 ಹೆಕ್ಟೇರ್‌ಗಿಂತ, ಅಂದರೆ ಸುಮಾರು ಹತ್ತು ಎಕರೆಗಿಂತ, ದೊಡ್ಡ ತೋಟಕ್ಕೆ ಗಡಿಯ ಸುತ್ತ ಗುರುತು ಬೇಕು. ಚಿಕ್ಕದಕ್ಕೆ ಒಂದು ಬಿಂದು ಸಾಕು. ಅಕ್ಷಾಂಶ, ರೇಖಾಂಶದಲ್ಲಿ ದಶಮಾಂಶದ ನಂತರ ಆರು ಅಂಕಿ ಇರಬೇಕು. ಆರನೇ ಅಂಕಿ ಹೇಳುವುದು ಸುಮಾರು 11 ಸೆಂಟಿಮೀಟರ್, ಒಂದು ಗೇಣಿಗಿಂತ ಕಮ್ಮಿ! ಆದರೆ ಬಯಲಿನಲ್ಲೇ ಫೋನ್ ಹಲವು ಮೀಟರ್ ತಪ್ಪುತ್ತದೆ. ಸಿಲ್ವರ್ ಓಕ್, ಹಲಸು, ಬೀಟೆ ಮರಗಳ ಅಡಿಯಲ್ಲಿ, ಅದರಲ್ಲೂ ಎಲೆ ಒದ್ದೆಯಾಗಿದ್ದರೆ, ಇನ್ನೂ ಜಾಸ್ತಿ. ನೆಟ್‌ವರ್ಕ್ ಇಲ್ಲದಾಗ ಫೋನಿಗೆ ಉಪಗ್ರಹ ಹುಡುಕಲು ಹೊತ್ತೂ ಹಿಡಿಯುತ್ತದೆ. ಕಾಫಿ ಒಣಗಿಸುವ ಕಣದಲ್ಲಿ ಒಂದೆರಡು ನಿಮಿಷ ನಿಂತು, ಗುರುತು ಸಿಕ್ಕ ಮೇಲೆ ತೋಟದೊಳಗೆ ಹೋಗಿ.

ನನಗೆ ನಿಜವಾದ ಚಿಂತೆ ಇರುವುದು ಜಿಪಿಎಸ್ ಬಗ್ಗೆ ಅಲ್ಲ, ಫೋಟೊ ತೆಗೆಯುವ ಬೇರೆ ಉಪಗ್ರಹಗಳ ಬಗ್ಗೆ. ಯುರೋಪಿನದೇ ಸೆಂಟಿನೆಲ್-2 ತೆಗೆಯುವ ಚಿತ್ರದಲ್ಲಿ ಒಂದು ಚುಕ್ಕಿ ಎಂದರೆ 10 ಮೀಟರ್ ಅಗಲದ ಜಾಗ. ನಮ್ಮ ಕಾಫಿ ಬೆಳೆಯುವುದು ಮರದ ನೆರಳಲ್ಲಿ ಅಲ್ವಾ? ಮೇಲಿನಿಂದ ತೋಟವೂ ಕಾಡೇ. ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿ ಕೊಂಬೆ ಇಳಿಸಿದರೆ ಕಂಪ್ಯೂಟರ್ ಅದನ್ನು ಕಾಡು ಕಡಿದ ಹಾಗೆ ಓದಿಬಿಡಬಹುದು. ತೋಟ 2020ಕ್ಕೂ ಹಳೆಯದು ಎನ್ನುವುದಕ್ಕೆ ಪಹಣಿ ತೋರಿಸೋಣವೆಂದರೆ, ಕೊಡಗಿನಲ್ಲಿ ವಂಶದಿಂದ ಬಂದ ಜಮ್ಮಾ ಬಾಣೆ ಜಮೀನಿನ ಪಹಣಿಯಲ್ಲಿ ಪಟ್ಟೇದಾರರ, ಅಂದರೆ ಮನೆತನದ ಹಿರಿಯರ, ಹೆಸರಿನ ಜೊತೆ ಇಡೀ ಒಕ್ಕದ (ಮನೆತನದ) ಹೆಸರುಗಳಿರುತ್ತವೆ. ಆ ಗಂಟನ್ನು ಬಿಡಿಸಲು ನಾಲ್ಕಲ್ಲ, ನಲವತ್ತು ಉಪಗ್ರಹ ಬಂದರೂ ಆಗದು.