ಕರುಳಿನ ಗೋಡೆಗೆ ಗುಂಡಿ ಹಾಕಿಕೊಂಡ ಹುಳು

ಮೀನು ಕೊಯ್ಯುವಾಗ ಕರುಳನ್ನು ಯಾರು ನೋಡುತ್ತಾರೆ? ಕಿತ್ತು ಬೆಕ್ಕಿಗೆ ಹಾಕಿದರೆ ಮುಗಿಯಿತು. ಆದರೆ ಯುರೋಪಿನ ನದಿಗಳ ಚಬ್ ಮೀನಿನ ಕರುಳನ್ನು ಒಮ್ಮೆ ಸೀಳಿ ನೋಡಬೇಕು. ನಮ್ಮ ಗೆಂಡೆಯ ಬಳಗದ ಮೀನು ಅದು. ಒಳಗೆ ಒಂದೆರಡು ಸೆಂಟಿಮೀಟರ್ ಉದ್ದದ, ಹಳದಿ–ಕಿತ್ತಳೆ ಬಣ್ಣದ ಹುಳುಗಳು ನೇತಾಡುತ್ತಿರುತ್ತವೆ. ಚಿಮಟದಿಂದ ಸುಮ್ನೆ ಎಳೆದರೆ ಬರುವುದಿಲ್ಲ. ಅಷ್ಟು ಗಟ್ಟಿ ಹಿಡಿತ.

ಇದು ಮುಳ್ಳುತಲೆ ಹುಳು. ಹೆಸರು ಪಾಂಫೊರಿಂಕಸ್ ಲೀವಿಸ್. ಸೊಂಡಿಲಿನ ತುಂಬ ಕೊಕ್ಕೆಗಳು, ಅದರ ಹಿಂದೆ ಗುಂಡನೆಯ ಒಂದು ಉಬ್ಬು. ಸೊಂಡಿಲು ಕರುಳಿನ ಗೋಡೆಯನ್ನು ಕೊರೆದು ಒಳಹೊಕ್ಕ ಮೇಲೆ ಈ ಉಬ್ಬು ಅಲ್ಲೇ ಕೂತುಬಿಡುತ್ತದೆ, ಅಂಗಿಯ ಕಾಜಕ್ಕೆ ಸಿಕ್ಕಿಸಿದ ಗುಂಡಿಯ ಹಾಗೆ. ಹುಳುವಿಗೆ ಬಾಯಿಯೂ ಇಲ್ಲ, ಹೊಟ್ಟೆಯೂ ಇಲ್ಲ. ಮೀನು ಅರಗಿಸಿದ್ದನ್ನು ಚರ್ಮದಿಂದಲೇ ಹೀರಿಕೊಳ್ಳುತ್ತದೆ.

ಹುಳು ನೆಟ್ಟ ಜಾಗದಲ್ಲಿ ಕರುಳಿನ ಮಡಿಕೆಗಳು ಹಾಳಾಗುತ್ತವೆ. ಸುತ್ತ ಊತ ಬರುತ್ತದೆ. ಮೀನಿನ ಮೈ ಸುಮ್ಮನಿರುವುದಿಲ್ಲ: ಲೋಳೆ ಸುರಿಸುವ ಕೋಶಗಳು ಹೆಚ್ಚುತ್ತವೆ, ರಕ್ಷಣೆಯ ಕೋಶಗಳು ಓಡಿಬರುತ್ತವೆ, ಗಾಯದ ಸುತ್ತ ಗಟ್ಟಿ ನಾರಿನ ಗೋಡೆ ಏಳುತ್ತದೆ. ಇಷ್ಟಾದರೂ ಹುಳು ಹೊತ್ತ ಎಷ್ಟೋ ಚಬ್‌ಗಳು ಹೊರಗಿನಿಂದ ಆರೋಗ್ಯವಾಗಿಯೇ ಕಾಣುತ್ತವೆ. ನನಗೆ ಅಚ್ಚರಿ ಎನಿಸುವುದು ಇದೇ.

ಹುಳು ಒಳಗೆ ಬರುವ ದಾರಿಯೂ ವಿಚಿತ್ರ. ಅದರ ಮೊಟ್ಟೆಯನ್ನು ಮೊದಲು ತಿನ್ನುವುದು ಗ್ಯಾಮರಸ್ ಎಂಬ ಸಿಗಡಿಯಂಥ ಪುಟ್ಟ ಜೀವಿ. ಮರಿಹುಳು ಅದರೊಳಗೆ ಬೆಳೆದಂತೆ ಗ್ಯಾಮರಸ್‌ನ ಮೈಯೊಳಗಿನಿಂದ ಕಿತ್ತಳೆ ಚುಕ್ಕೆಯೊಂದು ಎದ್ದು ಕಾಣುತ್ತದೆ. ಕಲ್ಲಿನ ಸಂದಿಯಲ್ಲಿ ಅಡಗಬೇಕಾದ ಗ್ಯಾಮರಸ್ ಬೆಳಕಿನ ಕಡೆಗೆ ಈಜತೊಡಗುತ್ತದೆ. ಮೀನಿನ ಬಾಯಿಗೆ ಸಿಗುವುದು ಸುಲಭ ಅಲ್ವಾ?

1990ರ ದಶಕದಲ್ಲಿ ವಿಜ್ಞಾನಿ ಬರ್ನ್ಡ್ ಸೂರೆಸ್ ಮತ್ತು ಜೊತೆಗಾರರು ಜರ್ಮನಿಯ ರೂರ್ ನದಿಯ ಚಬ್‌ಗಳಲ್ಲಿ ಮತ್ತು ಅವುಗಳ ಹುಳುಗಳಲ್ಲಿ ಸೀಸ ಎಂಬ ವಿಷಲೋಹವನ್ನು ಅಳೆದರು. ಮೀನಿನ ಮಾಂಸಕ್ಕಿಂತ ಹುಳುವಿನ ಮೈಯಲ್ಲಿ ಸುಮಾರು 2,700 ಪಟ್ಟು ಜಾಸ್ತಿ ಸೀಸ ಸಿಕ್ಕಿತು! ಕಾರಣ ಪಿತ್ತರಸ. ಮೀನಿನ ಲಿವರ್ ಸೀಸವನ್ನು ಪಿತ್ತರಸದ ಜೊತೆ ಕರುಳಿಗೆ ಬಿಡುತ್ತದೆ. ಅದರಲ್ಲೊಂದಿಷ್ಟನ್ನು ಕರುಳು ಮತ್ತೆ ಹೀರಿಕೊಳ್ಳುತ್ತದೆ. ಪಿತ್ತರಸವನ್ನು ಹೀರುವ ಹುಳು ನಡುವೆಯೇ ಅದನ್ನು ಎಳೆದುಕೊಳ್ಳುತ್ತದೆ. ಮುಂದೆ ಪ್ರಯೋಗಾಲಯದಲ್ಲಿ ಸೀಸದ ನೀರಿನಲ್ಲಿಟ್ಟು ನೋಡಿದಾಗ, ಹುಳುವಿದ್ದ ಮೀನಿನ ಕರುಳಿನ ಗೋಡೆಯಲ್ಲಿ ಸೀಸ ಕಡಿಮೆಯಿತ್ತು.

ಹಾಗಂತ ಇದನ್ನು ಉಪಕಾರಿ ಹುಳು ಎಂದು ಕರೆಯಲು ನನಗೆ ಮನಸ್ಸಿಲ್ಲ. ಕರುಳಿನ ಗಾಯ ಗಾಯವೇ. ಆದರೆ ಹುಳು ಇದೆ, ಆದ್ದರಿಂದ ಮೀನಿಗೆ ಕೆಟ್ಟದ್ದೇ ಆಗಿದೆ ಎಂಬ ಲೆಕ್ಕ ಮಾತ್ರ ಇಲ್ಲಿ ಸರಿಹೊಂದುವುದಿಲ್ಲ. ಸೀಸ ಬೆರೆತ ನದಿಯಲ್ಲಿ ಬದುಕುವ ಮೀನಿನ ಆರೋಗ್ಯ ಅಳೆಯುವವರು ಮಾಂಸದ ಜೊತೆಗೆ ಹುಳುಗಳಲ್ಲೂ ಸೀಸ ಹುಡುಕಬಹುದು. ಮಾಂಸದಲ್ಲಿ ಹಿಡಿಯಲು ಕಷ್ಟವಾಗುವಷ್ಟು ಕಡಿಮೆ ಸೀಸವೂ ಹುಳುವಿನ ಮೈಯಲ್ಲಿ ಸಿಕ್ಕಿಬೀಳುತ್ತದೆ.